ಮಳೆಯ ಪುಸ್ತಕಕ್ಕೆ ಒಂದು ಸಿದ್ಧ ಕ್ಯಾಲೆಂಡರು

ಕಾಫಿ ತೋಟವಿರುವ ಮನೆಗಳಲ್ಲಿ ಬೆಳಗ್ಗೆ ತಪ್ಪದೆ ನಡೆಯುವ ಒಂದು ಕೆಲಸವನ್ನು ಕೊಡಗಿನ ವಾಚಕರಿಗೆ ನಾನು ವರ್ಣಿಸಬೇಕಾಗಿಲ್ಲ. ಅಂಗಳದಾಚೆ ಬಯಲಲ್ಲಿ ನಿಲ್ಲಿಸಿದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಗೀಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಷ್ಟು ಇಂಚು ಇಷ್ಟು ಸೆಂಟು ಎಂದು ಪುಸ್ತಕದಲ್ಲಿ ಬರೆದಿಡುವುದೇ ಆ ಕೆಲಸ. ನೂರು ಸೆಂಟಿಗೆ ಒಂದು ಇಂಚು. ದೇಶಕ್ಕೆ ಮಿಲಿಮೀಟರು ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮ ತೋಟಗಳಲ್ಲಿ ಮಳೆ ಇನ್ನೂ ಇಂಚು ಸೆಂಟುಗಳಲ್ಲಿಯೇ ಬೀಳುತ್ತದೆ.

ನನ್ನ ಅಜ್ಜನವರೂ ಹೀಗೆ ಬರೆಯುತ್ತ ಬಂದವರು. ದಪ್ಪ ರಟ್ಟಿನ ಉದ್ದನೆಯ ಪುಸ್ತಕ, ತಿಂಗಳಿಗೊಂದು ಪುಟ, ಪುಟದ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ತಿಂಗಳ ಮೊತ್ತ. ಇದು ಬರಿಯ ಹವ್ಯಾಸವಲ್ಲ. ಬೇಸಿಗೆಯ ಮೊದಲಲ್ಲಿ ಇಂಚಿನಷ್ಟು ಹೂಮಳೆ ಬಿದ್ದರೆ ಎಂಟೊಂಬತ್ತು ದಿನಗಳಲ್ಲಿ ತೋಟ ಬಿಳುಪೇರುತ್ತದೆ. ಆ ಮೇಲೆ ಎರಡು ಮೂರು ವಾರಗಳೊಳಗೆ ಇನ್ನೊಂದು ಮಳೆ, ತೋಟದವರು ಬ್ಯಾಕಿಂಗ್ ಎನ್ನುವುದು, ಬಾರದಿದ್ದರೆ ಕಟ್ಟಿದ ಕಾಯಿ ನಿಲ್ಲುವುದು ಕಷ್ಟ. ತುಂತುರು ನೀರಾವರಿಯ ಪಂಪನ್ನು ಯಾವ ದಿನ ಹೂಡಬೇಕೆಂಬುದನ್ನು ಆ ಪುಸ್ತಕ ನೋಡಿಯೇ ಗೊತ್ತುಮಾಡುತ್ತಾರೆ. ಆದುದರಿಂದ ಅದರಲ್ಲಿ ಅಳತೆ ಎಷ್ಟು ಮುಖ್ಯವೋ ತಾರೀಖೂ ಅಷ್ಟೇ ಮುಖ್ಯ.

ನಮ್ಮ ಭೂಗೋಳದ ಅಧ್ಯಾಪಕರು, ಇಂಥ ಪುಸ್ತಕಗಳು ಒಂದೊಂದು ಮನೆಯ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವುದನ್ನು ಕಂಡು, ಅವನ್ನೆಲ್ಲ ಒಂದೆಡೆ ಸೇರಿಸಿ ಯಾರು ಬೇಕಾದರೂ ನೋಡುವಂತೆ ಒಂದು ವೆಬ್ ಅಪ್ಲಿಕೇಶನನ್ನು ಮಾಡೋಣವೆಂದರು. ಹಳೆಯ ಪುಸ್ತಕಗಳನ್ನು ನಾವು ವಿದ್ಯಾರ್ಥಿಗಳು ಏರಿಸಬೇಕು. ಹೊಸ ಮಳೆಯನ್ನು ಮನೆಯವರು ತಾವೇ ಫೋನಿನಲ್ಲಿ ಬರೆಯಬೇಕು. ನಾನು ಕಲಾವಿಭಾಗದವನು, ಈ ವಿದ್ಯೆಯನ್ನು ಕ್ರಮವಾಗಿ ಕಲಿತವನಲ್ಲ. ಆದರೂ ಅದರ ಒಂದು ಭಾಗ, ತಾರೀಖು ಆರಿಸುವ ಕ್ಯಾಲೆಂಡರನ್ನು ಕೂಡಿಸುವ ಕೆಲಸ, ನನ್ನ ಪಾಲಿಗೆ ಬಂತು. ನನ್ನಂತೆಯೇ ಮುಂದೆ ಇಂಥ ಕೆಲಸಕ್ಕೆ ಕೈಹಾಕುವ ಮಿತ್ರರಿಗೆ ಉಪಯೋಗವಾದೀತೆಂದು, ನಾನು ಕಲಿತದ್ದನ್ನೂ ಎಡವಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಮೊದಲು ನಮ್ಮ ಪುಟದಲ್ಲಿ ತಾರೀಖಿಗೆ ಒಂದು ಖಾಲಿ ಚೌಕವಿತ್ತು, ಅಷ್ಟೆ. ಒಬ್ಬರು 5-8-18 ಎಂದು ಬರೆದರು. ಇನ್ನೊಬ್ಬರು ಆಗಸ್ಟ್ 5 ಎಂದು ಬರೆದು ವರ್ಷವನ್ನೇ ಬಿಟ್ಟರು. ಮತ್ತೊಬ್ಬರು ತಿಂಗಳನ್ನು ಮುಂದಿಟ್ಟು ದಿನವನ್ನು ಹಿಂದಿಟ್ಟರು. 5-8 ಎಂದರೆ ಆಗಸ್ಟ್ ಐದೋ ಮೇ ಎಂಟೋ ಎಂದು ಯಾರನ್ನು ಕೇಳುವುದು? ಬೆರಳಿನಿಂದ ಮುಟ್ಟಿ ಆರಿಸುವ ಕ್ಯಾಲೆಂಡರೊಂದಿದ್ದರೆ ಈ ಗೊಂದಲವೇ ಇರುವುದಿಲ್ಲವೆಂದು ತೀರ್ಮಾನವಾಯಿತು.

ಅದನ್ನು ನಾವೇ ಬರೆಯಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಬರೆಯಬಹುದು. ಆದರೆ ಯಾವ ತಿಂಗಳು ಯಾವ ವಾರದಿಂದ ಪ್ರಾರಂಭವಾಗುತ್ತದೆ, ಫೆಬ್ರವರಿಗೆ ಎಷ್ಟು ದಿನ, 1900 ಅಧಿಕ ವರ್ಷವಲ್ಲದೆ 2000 ಹೇಗೆ ಅಧಿಕ ವರ್ಷವಾಯಿತು, ಸಣ್ಣ ಪರದೆಯಲ್ಲಿ ಚೌಕ ಎಷ್ಟು ದೊಡ್ಡದಿರಬೇಕು, ಕಣ್ಣು ಕಾಣದವರು ಓದಿಸಿ ಕೇಳುವಾಗ ಅದು ಏನನ್ನು ಹೇಳಬೇಕು, ಇವೆಲ್ಲವನ್ನೂ ಯಾರೋ ಆಗಲೇ ಯೋಚಿಸಿ ಮಾಡಿಟ್ಟಿರುವಾಗ ಮತ್ತೆ ಮೊದಲಿನಿಂದ ಮಾಡುವುದು ಜಾಣತನವಲ್ಲ. ಹಿಂದೆ ಐನ್‌ಮನೆಗಳ ಬಾಗಿಲನ್ನು ಬಡಗಿ ಅಂಗಳದಲ್ಲೇ ಕುಳಿತು ಕೆತ್ತುತ್ತಿದ್ದ. ಈಗ ಪೇಟೆಯಿಂದ ಬಾಗಿಲು ಸಿದ್ಧವಾಗಿಯೇ ಬರುತ್ತದೆ. ನಾವು ನೋಡಬೇಕಾದದ್ದು ನಮ್ಮ ಚೌಕಟ್ಟಿನ ಅಳತೆ ಮತ್ತು ಕೀಲುಗಳ ಜಾಗ.

ಈ ವಿಚಾರ ಹೊಸದೇನೂ ಅಲ್ಲ. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ನೇಟೋ ಸಂಸ್ಥೆಯ ಆಶ್ರಯದಲ್ಲಿ ನಡೆದ ಸಮ್ಮೇಳನದಲ್ಲಿ ಡಗ್ಲಸ್ ಮೆಕ್‌ಇಲ್ರಾಯ್ ಎಂಬ ವಿದ್ವಾಂಸರು, ಇತರ ಕೈಗಾರಿಕೆಗಳಲ್ಲಿರುವಂತೆ ಸಾಫ್ಟ್‌ವೇರಿನಲ್ಲಿಯೂ ಬಿಡಿಭಾಗಗಳನ್ನು ಸಿದ್ಧಪಡಿಸಿ ಒದಗಿಸುವ ಏರ್ಪಾಡು ಬೇಕೆಂದು ವಾದಿಸಿದ್ದರು. ಇಂದು ಜಾವಾಸ್ಕ್ರಿಪ್ಟಿನ ಕೆಲಸಕ್ಕೆ ಎನ್‌ಪಿಎಂ ಎಂಬ ಉಗ್ರಾಣವೇ ಇದೆ. ಆದರೆ ಉಗ್ರಾಣವನ್ನು ನಂಬಿದವರಿಗೆ ಅದರ ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದೂ ತಿಳಿದಿರಬೇಕು. 2016ರ ಮಾರ್ಚಿಯಲ್ಲಿ, ಪದದ ಎಡಗಡೆಗೆ ಖಾಲಿ ಜಾಗ ತುಂಬಿಸುವ ಹನ್ನೊಂದು ಸಾಲಿನ ಲೆಫ್ಟ್-ಪ್ಯಾಡ್ ಎಂಬ ಪುಟ್ಟ ಘಟಕವನ್ನು ಅದನ್ನು ಬರೆದವರು ಹಿಂದಕ್ಕೆ ತೆಗೆದುಕೊಂಡರು. ಅದನ್ನೇ ಆಧರಿಸಿದ್ದ ಎಷ್ಟೋ ದೊಡ್ಡ ಯೋಜನೆಗಳ ಕೆಲಸ ಕೆಲವು ಗಂಟೆಗಳ ಕಾಲ ನಿಂತುಹೋಯಿತು. ಇದನ್ನು ಓದಿದ ಮೇಲೆ ನಾವು ಮೊದಲು ನೋಡಿದ್ದು, ನಮ್ಮ ಘಟಕ ತಾನು ಇನ್ನೆಷ್ಟು ಘಟಕಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ ಎಂಬುದನ್ನು. ಯಾವುದನ್ನೂ ಕಟ್ಟಿಕೊಳ್ಳದ ಒಂದನ್ನೇ ಆರಿಸಿದೆವು.

ಅದರ ಪರವಾನಗಿಯನ್ನೂ ಓದಿದೆವು. ಎಂಐಟಿ ಪರವಾನಗಿ ಎಂದಿತ್ತು. ಅಂದರೆ ಯಾರೂ ಹಣ ಕೊಡದೆ ಬಳಸಬಹುದು, ತಿದ್ದಲೂಬಹುದು, ಆದರೆ ಮೂಲದ ಹಕ್ಕಿನ ಟಿಪ್ಪಣಿಯನ್ನು ಅಳಿಸಬಾರದು. ತರಿಸಿಕೊಂಡಾಗ ಯೋಜನೆಯ ಪ್ಯಾಕೇಜ್ ಕಡತದಲ್ಲಿ ಘಟಕದ ಹೆಸರಿನ ಮುಂದೆ ಮೂರು ಅಂಕಿಗಳು ಬಂದು ಕುಳಿತವು. ವಾಚಕರು ಅವನ್ನು ಅಲಕ್ಷಿಸಬಾರದು. ಬಳಸುವ ಕ್ರಮವೇ ಬದಲಾದಾಗ ಮೊದಲನೆಯ ಅಂಕಿ ಏರುತ್ತದೆ. ಹೊಸ ಸೌಕರ್ಯ ಸೇರಿದಾಗ ಎರಡನೆಯದು. ತಪ್ಪು ತಿದ್ದಿದಾಗ ಮೂರನೆಯದು. ಅಂಕಿಗಳ ಹಿಂದೆ ಕಾಣುವ ಟೋಪಿಯಂಥ ಗುರುತು, ಮೊದಲನೆಯದನ್ನು ಬಿಟ್ಟು ಉಳಿದೆರಡು ಮೇಲೇರಿದರೆ ಅಡ್ಡಿಯಿಲ್ಲವೆಂದು ಹೇಳುತ್ತದೆ. ನಾಳೆ ಬೇರೊಬ್ಬ ವಿದ್ಯಾರ್ಥಿ ತನ್ನ ಯಂತ್ರದಲ್ಲಿ ಇದನ್ನು ಕಟ್ಟಿದಾಗ ಅವನಿಗೂ ನನಗೆ ಬಂದದ್ದೇ ಬರಬೇಕಾದರೆ ಜೊತೆಗೆ ಹುಟ್ಟುವ ಲಾಕ್ ಕಡತವನ್ನೂ ಇಟ್ಟುಕೊಳ್ಳಬೇಕು. ಅದನ್ನು ನಾನು ಬೇಡದ ಕಸವೆಂದು ಒಮ್ಮೆ ಅಳಿಸಿಹಾಕಿ ಬೈಸಿಕೊಂಡೆ.

ಕ್ಯಾಲೆಂಡರನ್ನು ಪುಟದಲ್ಲಿ ಕೂಡಿಸಿದ ಮೊದಲನೆಯ ಸಂಜೆಯ ಅವಸ್ಥೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ತಿಂಗಳ ಮೂವತ್ತೊಂದು ದಿನಗಳೂ ಒಂದರ ಕೆಳಗೊಂದು, ಮಳೆಗಾಲದಲ್ಲಿ ಅಡಿಗೆಮನೆಯ ಹಗ್ಗದ ಮೇಲೆ ನೇತುಹಾಕಿದ ಬಟ್ಟೆಗಳಂತೆ ಉದ್ದಕ್ಕೆ ಜೋತುಬಿದ್ದವು. ಘಟಕದ ಪ್ರೋಗ್ರಾಮನ್ನು ತಂದಿದ್ದೆ. ಅದರ ಅಂದಚಂದವನ್ನು ಹೇಳುವ ಸ್ಟೈಲ್ ಕಡತವನ್ನು ಪುಟಕ್ಕೆ ಸೇರಿಸಲು ಮರೆತಿದ್ದೆ. ಸೇರಿಸಿದ ಕೂಡಲೇ ಎಲ್ಲವೂ ಏಳೇಳರ ಸಾಲಿನಲ್ಲಿ ಬಂದು ನಿಂತವು. ತರುವಾಯ ತಿಂಗಳ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿದೆ. ಇದಕ್ಕೆ ಕಷ್ಟಪಡಬೇಕಾಗಿರಲಿಲ್ಲ; ಈಗಿನ ಬ್ರೌಸರುಗಳಲ್ಲಿಯೇ ಕನ್ನಡದ ತಿಂಗಳು ವಾರಗಳ ಹೆಸರುಗಳು ಅಡಗಿವೆ, ಕನ್ನಡ-ಭಾರತ ಎಂಬ ಸಂಕೇತವನ್ನು ಕೊಟ್ಟು ಕೇಳಿದರೆ ಕೊಡುತ್ತವೆ. ಕೇಳಿದರೆ ಅಂಕಿಗಳನ್ನೂ ಕನ್ನಡದಲ್ಲಿಯೇ ತೋರಿಸುತ್ತವೆ. ಆದರೆ ಬರೆದ ಕನ್ನಡ ಅಂಕಿಯನ್ನು ಜಾವಾಸ್ಕ್ರಿಪ್ಟು ಸಂಖ್ಯೆಯೆಂದು ತಾನಾಗಿ ಒಪ್ಪುವುದಿಲ್ಲ. ತೋರಿಸುವುದಕ್ಕೆ ಒಂದು ನ್ಯಾಯ, ಓದುವುದಕ್ಕೆ ಇನ್ನೊಂದು!

ಅಂತೂ ಪುಟ ಚೆಲುವಾಯಿತು. ಅಧ್ಯಾಪಕರು ಮೆಚ್ಚಿದರು. ಅಮೆರಿಕದಲ್ಲಿರುವ ನನ್ನ ಸೋದರಮಾವನ ಮಗನಿಗೂ ಕಳುಹಿಸಿದೆ. ಅವನು ನಾಲ್ಕಾರು ತಾರೀಖುಗಳನ್ನು ಆರಿಸಿ ಪರೀಕ್ಷಿಸಿ ಎಲ್ಲ ಸರಿಯಾಗಿದೆ ಎಂದು ಬರೆದ. ಆ ಧೈರ್ಯದಿಂದ ಅಜ್ಜನ 2018ರ ಪುಸ್ತಕದ ಜೂನ್‌ನಿಂದ ಸೆಪ್ಟೆಂಬರಿನವರೆಗಿನ 122 ದಿನಗಳನ್ನು ಎರಡು ಭಾನುವಾರ ಕುಳಿತು ಏರಿಸಿದೆ. ಬೇರೆ ಮನೆಗಳ ಪುಸ್ತಕಗಳನ್ನು ಗೆಳೆಯರು ಏರಿಸಿದರು. 2018ನ್ನೇ ಮೊದಲು ತೆಗೆದುಕೊಂಡದ್ದಕ್ಕೆ ಕಾರಣವಿದೆ. ಆ ವರ್ಷದ ಆಗಸ್ಟ್ 16, 17ರ ಸುಮಾರಿಗೆ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದು ಮನೆ ತೋಟಗಳು ಕೊಚ್ಚಿಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಎಷ್ಟು ದಿನ ಎಷ್ಟು ಮಳೆ ಬಿದ್ದ ಮೇಲೆ ಯಾವ ಕಡೆ ಮಣ್ಣು ಜಾರಿತೆಂಬುದನ್ನು ಮನೆಮನೆಯ ಅಳತೆಗಳಿಂದ ನೋಡಬೇಕೆಂಬುದೇ ಅಧ್ಯಾಪಕರ ಮುಖ್ಯ ಉದ್ದೇಶವಾಗಿತ್ತು.

ಏರಿಸಿ ಮುಗಿದ ರಾತ್ರಿ ಅಜ್ಜನಿಗೆ ಫೋನಿನಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ದಿನದಿನದ ಅಂಕಿಗಳತ್ತ ನೋಡಲೇ ಇಲ್ಲ. ನೇರವಾಗಿ ತಿಂಗಳ ಮೊತ್ತಕ್ಕೆ ಹೋದರು. ಪುಸ್ತಕ ತರಿಸಿ ಪಕ್ಕದಲ್ಲಿಟ್ಟುಕೊಂಡರು.

“ಇದು ತಾಳೆಯಾಗುವುದಿಲ್ಲ ಮಾರಾಯ. ಜುಲೈ ಸರಿಯಿಲ್ಲ, ಆಗಸ್ಟೂ ಸರಿಯಿಲ್ಲ.”

“ಅಜ್ಜ, ಯಂತ್ರ ಕೂಡಿದ್ದು ತಪ್ಪುವುದಿಲ್ಲ. ನೀವು ಕೈಯಲ್ಲಿ ಕೂಡಿದ್ದಲ್ಲವಾ?”

“ಹಾಗಾದರೆ ನೀನೂ ಒಮ್ಮೆ ಕೈಯಲ್ಲಿ ಕೂಡಿ ನೋಡು” ಎಂದು ಪುಸ್ತಕವನ್ನು ನನ್ನ ಮುಂದೆ ತಳ್ಳಿ ಮಲಗಲು ಹೋದರು.

ಕೂಡಿದೆ. ಅಜ್ಜನ ಮೊತ್ತ ಸೆಂಟಿನಷ್ಟೂ ತಪ್ಪಿರಲಿಲ್ಲ.

ಆಗ ದಿನದಿನದ ಅಂಕಿಗಳನ್ನು ಹೋಲಿಸಿದೆ. ನಾನು ಏರಿಸಿದ್ದ ಪ್ರತಿಯೊಂದು ಅಳತೆಯೂ ಒಂದು ದಿನ ಹಿಂದಕ್ಕೆ ಸರಿದು ಕುಳಿತಿತ್ತು. ಆಗಸ್ಟ್ 1ರದು ಜುಲೈ 31ಕ್ಕೆ, ಸೆಪ್ಟೆಂಬರ್ 1ರದು ಆಗಸ್ಟ್ 31ಕ್ಕೆ. ತಿಂಗಳ ನಡುವೆ ಸರಿದದ್ದು ಮೊತ್ತದಲ್ಲಿ ಗೊತ್ತಾಗುವುದಿಲ್ಲ. ಗಡಿಯಲ್ಲಿ ಮಾತ್ರ ಒಂದು ತಿಂಗಳ ನೀರು ಇನ್ನೊಂದು ತಿಂಗಳಿಗೆ ಹರಿದಿತ್ತು. ಇದನ್ನು ಇಷ್ಟು ದಿನ ನಾವು ಯಾಕೆ ಕಾಣಲಿಲ್ಲವೆಂದರೆ, ಮಳೆಯ ತಾರೀಖಿನಲ್ಲಿಯೇ ಒಂದು ನಿಜವಾದ ತೊಡಕಿದೆ. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಗ್ಗೆ 8-30ಕ್ಕೆ ಮುಗಿಯುವ ಇಪ್ಪತ್ತನಾಲ್ಕು ಗಂಟೆಗಳ ಮಳೆ ಅಳೆದ ದಿನದ ಲೆಕ್ಕಕ್ಕೆ ಸೇರುತ್ತದೆ. ಅಜ್ಜನ ಕ್ರಮವೂ ಅದೇ. ಆದರೆ ಕೆಲವು ಮನೆಗಳಲ್ಲಿ, ನಿನ್ನೆ ಬಿದ್ದ ಮಳೆ ನಿನ್ನೆಯದೇ ಎಂದು ಹಿಂದಿನ ದಿನಕ್ಕೆ ಬರೆಯುತ್ತಾರೆ. ಹೀಗಾಗಿ ಒಂದು ದಿನದ ವ್ಯತ್ಯಾಸ ಕಣ್ಣಿಗೆ ಬಿದ್ದಾಗಲೆಲ್ಲ ಅದು ಆ ಮನೆಯ ರೂಢಿ ಎಂದು ನಾವು ಸಮಾಧಾನ ಹೇಳಿಕೊಂಡಿದ್ದೆವು.

ತಪ್ಪು ಇದ್ದದ್ದು ಬಾಗಿಲಲ್ಲಲ್ಲ, ನಾನು ಹೊಡೆದ ಕೀಲಿನಲ್ಲಿ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಯಾವುದೇ ಸಿದ್ಧ ಘಟಕಕ್ಕೆ ನಾವು ಕೊಡುವುದು ಕೆಲವು, ಅದು ನಮಗೆ ಕೊಡುವುದು ಕೆಲವು. ಬಳಸುವವರು ಒಂದು ದಿನವನ್ನು ಮುಟ್ಟಿದಾಗ ಈ ಕ್ಯಾಲೆಂಡರು ನಮಗೆ ಕೊಡುತ್ತಿದ್ದದ್ದು ಜಾವಾಸ್ಕ್ರಿಪ್ಟಿನ ಡೇಟ್ ಎಂಬ ವಸ್ತು. ಹೆಸರು ಡೇಟ್ ಎಂದಿದ್ದರೂ ಅದು ನಾವು ಬಲ್ಲ ತಾರೀಖಲ್ಲ, ಅದೊಂದು ಕ್ಷಣ. 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡು ಕಳೆಯಿತೆಂಬ ಎಣಿಕೆ. ಆಗಸ್ಟ್ 17ನ್ನು ಮುಟ್ಟಿದರೆ, ಬಳಸುವವರ ಊರಿನ ಗಡಿಯಾರದಂತೆ ಆಗಸ್ಟ್ 17 ಪ್ರಾರಂಭವಾಗುವ ಕ್ಷಣ, ಅಂದರೆ ಮಧ್ಯರಾತ್ರಿ, ನಮ್ಮ ಕೈಗೆ ಬರುತ್ತದೆ. ನಾನು ಅದನ್ನು ಬರಹಕ್ಕೆ ತಿರುಗಿಸಲು ಟು-ಐಎಸ್ಒ-ಸ್ಟ್ರಿಂಗ್ ಎಂಬ ಸುಲಭದ ಕ್ರಮವನ್ನು ಹಿಡಿದೆ. ವರ್ಷ, ತಿಂಗಳು, ದಿನ ಎಂಬ ಅಚ್ಚುಕಟ್ಟಾದ ಕ್ರಮದಲ್ಲಿ ಅದು ಬರೆಯುತ್ತದೆ. ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿಕೊಂಡರೆ ತಾರೀಖು ಸಿಕ್ಕಿತೆಂದು ಹಿಗ್ಗಿದೆ. ಆದರೆ ಆ ಕ್ರಮ ಕ್ಷಣವನ್ನು ಬರೆಯುವುದು ಗ್ರೀನಿಚ್‌ಗೆ ಸರಿಹೋಗುವ ಜಾಗತಿಕ ಕಾಲದಲ್ಲಿ. ಭಾರತದ ಕಾಲ 82½ ಡಿಗ್ರಿ ಪೂರ್ವ ರೇಖಾಂಶದ್ದು, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. ಇದನ್ನು ಭೂಗೋಳದ ಮೊದಲ ವರ್ಷದಲ್ಲಿಯೇ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದೂ ಇದ್ದೇನೆ! ನಮ್ಮ ಆಗಸ್ಟ್ 17ರ ಮಧ್ಯರಾತ್ರಿ ಅಲ್ಲಿಯ ಲೆಕ್ಕಕ್ಕೆ ಆಗಸ್ಟ್ 16ರ ಸಂಜೆ 6-30. ಹತ್ತು ಅಕ್ಷರ ಕತ್ತರಿಸಿದರೆ ಉಳಿಯುವುದು 16.

ಅಮೆರಿಕದಿಂದ ಬಂದ ಅಭಯದ ಗುಟ್ಟೂ ಇಲ್ಲಿಯೇ ಬಿಚ್ಚಿತು. ಅಲ್ಲಿಯ ಊರುಗಳು ಗ್ರೀನಿಚ್‌ಗಿಂತ ಹಿಂದು. ಅಲ್ಲಿಯ ಮಧ್ಯರಾತ್ರಿ ಜಾಗತಿಕ ಕಾಲದಲ್ಲಿ ಅದೇ ತಾರೀಖಿನ ಬೆಳಗ್ಗೆ. ಅವನಿಗೆ ಈ ತಪ್ಪು ಎಷ್ಟು ಪರೀಕ್ಷಿಸಿದರೂ ಕಾಣುವಂತೆಯೇ ಇರಲಿಲ್ಲ.

ತಿದ್ದುವುದು ಸುಲಭವಾಗಿತ್ತು. ಆ ಕ್ಷಣದಿಂದ ವರ್ಷ, ತಿಂಗಳು, ದಿನಗಳನ್ನು ಊರಿನ ಕಾಲದಂತೆ ಬೇರೆಬೇರೆಯಾಗಿ ಕೇಳಿ ತೆಗೆದು ಜೋಡಿಸಿದರೆ ಮುಗಿಯಿತು. ಹಾಗೆ ತೆಗೆಯುವಾಗ ಜಾವಾಸ್ಕ್ರಿಪ್ಟಿನ ತಿಂಗಳುಗಳ ಎಣಿಕೆ ಸೊನ್ನೆಯಿಂದ ಪ್ರಾರಂಭವಾಗುವುದೆಂಬುದನ್ನು ನೆನಪಿಡಬೇಕು: ಜನವರಿ ಸೊನ್ನೆ, ಆಗಸ್ಟ್ ಏಳು, ಒಂದನ್ನು ಕೂಡಿಸಿಕೊಳ್ಳಬೇಕು. ಇನ್ನೊಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ಬ್ರೌಸರಿನಲ್ಲಿಯೇ ತಾರೀಖಿಗೆಂದು ಒಂದು ಚೌಕ ಸಿದ್ಧವಾಗಿದೆ, ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಅದು ತೋರಿಸುವ ರೀತಿ ಏನೇ ಇರಲಿ, ನಮಗೆ ಕೊಡುವ ಬೆಲೆ ಮಾತ್ರ ಯಾವಾಗಲೂ ವರ್ಷ-ತಿಂಗಳು-ದಿನ ಎಂಬ ಬರಹ, ಕ್ಷಣದ ಗೊಡವೆಯಿಲ್ಲ. ಅದನ್ನೇ ಇಟ್ಟುಕೊಂಡಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಕನ್ನಡ ತಿಂಗಳುಗಳ ಚೆಲುವಿಗೆ ಮರುಳಾದೆ.

ಮುಂದಕ್ಕೆ ದಾರಿ ಸರಿಯಾಯಿತು, ಆದರೆ ಹಿಂದೆ ಏರಿಸಿದ್ದಕ್ಕೆ ಏನು ಮಾಡುವುದು? ಎಲ್ಲಕ್ಕೂ ಒಂದೊಂದು ದಿನ ಕೂಡಿಸಿಬಿಡೋಣವೆಂದು ಒಬ್ಬ ಗೆಳೆಯ ಹೇಳಿದ. ಅದೂ ನಡೆಯುವಂತಿರಲಿಲ್ಲ. ಮನೆಯವರು ಬೆಳಗ್ಗೆ ಅಳೆದು ಕೂಡಲೇ ಬರೆಯುವಾಗ ಕ್ಯಾಲೆಂಡರನ್ನು ಬಿಚ್ಚುತ್ತಿರಲಿಲ್ಲ, ‘ಇಂದು’ ಎಂಬ ಗುಂಡಿಯನ್ನು ಒತ್ತುತ್ತಿದ್ದರು. ಅದು ಕೊಡುತ್ತಿದ್ದದ್ದು ಮಧ್ಯರಾತ್ರಿಯನ್ನಲ್ಲ, ಒತ್ತಿದ ಕ್ಷಣವನ್ನು. ನಮ್ಮ 8-30 ಜಾಗತಿಕ ಕಾಲದಲ್ಲಿ ಅದೇ ದಿನದ 3 ಗಂಟೆ. ತಾರೀಖು ಸರಿಯಾಗಿಯೇ ಬೀಳುತ್ತಿತ್ತು. ಬೆಳಗಿನ ಐದೂವರೆಗೆ ಮೊದಲು ಒತ್ತಿದ್ದರೆ ಅದೂ ತಪ್ಪುತ್ತಿತ್ತು, ಆದರೆ ಅಷ್ಟು ಹೊತ್ತಿಗೆ ಮಳೆ ಅಳೆಯುವ ಶ್ರದ್ಧೆ ಯಾರಿಗೂ ಇದ್ದಂತಿಲ್ಲ. ಹೀಗೆ ಸರಿಯಾದವೂ ತಪ್ಪಾದವೂ ಒಂದೇ ಕಡತದಲ್ಲಿ ಕಲೆತುಹೋಗಿದ್ದವು. ನಾವು ಉಳಿಸಿಕೊಂಡಿದ್ದದ್ದು ಹತ್ತು ಅಕ್ಷರಗಳನ್ನು ಮಾತ್ರ. ಯಾವುದನ್ನು ಗುಂಡಿಯಿಂದ ಬರೆದರು, ಯಾವುದನ್ನು ಕ್ಯಾಲೆಂಡರಿನಿಂದ ಆರಿಸಿದರು ಎಂಬ ಸುಳಿವೇ ಇರಲಿಲ್ಲ. ಒಂದು ದಿನ ಬರೆಯಲು ಮರೆತು ಮಾರನೆಯ ದಿನ ಆರಿಸಿದವರ ಲೆಕ್ಕದಲ್ಲಿ ಒಂದೇ ತಾರೀಖಿಗೆ ಎರಡು ಅಳತೆಗಳು, ಅದರ ಮುಂದಿನ ದಿನ ಖಾಲಿ. ಜಡಿಮಳೆಯಲ್ಲಿ ಪಾತ್ರೆ ತುಂಬೀತೆಂದು ದಿನಕ್ಕೆರಡು ಸಲ ಅಳೆದಿರಬೇಕೆಂದು ನಾವು ಅದಕ್ಕೂ ಒಂದು ಕಾರಣವನ್ನು ಕಟ್ಟಿದ್ದೆವು.

ಅಧ್ಯಾಪಕರ ಮುಂದೆ ಇದನ್ನು ಹೇಳುವಾಗ ನನ್ನ ಬಾಯಿ ಒಣಗಿತ್ತು. ಆ ವೇಳೆಗೆ ಅವರು ಗುಡ್ಡ ಜರಿದ ದಿನಗಳ ಪಕ್ಕದಲ್ಲಿ ನಮ್ಮ ಮಳೆಯನ್ನಿಟ್ಟು ಒಂದು ನಕ್ಷೆಯನ್ನು ಬರೆದಿದ್ದರು. ಅದರಂತೆ ಅತಿ ದೊಡ್ಡ ಮಳೆ ಬಿದ್ದು ಒಂದು ದಿನ ಬಿಡುವಾದ ಮೇಲೆ ಮಣ್ಣು ಜಾರಿದಂತೆ ಕಾಣುತ್ತಿತ್ತು. ಆ ಒಂದು ದಿನದ ಬಿಡುವು ನನ್ನ ಕತ್ತರಿಯಿಂದ ಹುಟ್ಟಿದ್ದು. ಯಾರಾದರೂ ಅದನ್ನು ನಂಬಿ, ದೊಡ್ಡ ಮಳೆಯಾದರೂ ಮನೆ ಬಿಡಲು ಇನ್ನೊಂದು ದಿನವಿದೆ ಎಂದು ಕುಳಿತರೆ? ಅಧ್ಯಾಪಕರು ಬಯ್ಯಲಿಲ್ಲ. ನಕ್ಷೆಯನ್ನು ಮಡಿಚಿ ಮೇಜಿನೊಳಗಿಟ್ಟು, “ಪುಸ್ತಕಗಳು ಎಲ್ಲೆಲ್ಲಿವೆಯೋ ಅಲ್ಲಿಗೇ ಹೋಗಿ” ಎಂದರು.

ಹೋದೆವು. ಮನೆಮನೆಗೆ ಹೋಗಿ ಪುಸ್ತಕದ ಮುಂದೆ ಫೋನನ್ನಿಟ್ಟುಕೊಂಡು ಒಬ್ಬರು ಓದುವುದು, ಒಬ್ಬರು ತಿದ್ದುವುದು. ಕ್ಯಾಲೆಂಡರನ್ನು ತೆಗೆಯಲಿಲ್ಲ, ಅದು ಕೊಡುವುದನ್ನು ತೆಗೆದುಕೊಳ್ಳುವ ಸಾಲುಗಳನ್ನು ಮಾತ್ರ ಬದಲಾಯಿಸಿದೆ. ಜೊತೆಗೆ ಒಂದು ಪರೀಕ್ಷೆಯನ್ನೂ ಬರೆದಿಟ್ಟೆ: ಯಂತ್ರದ ಗಡಿಯಾರವನ್ನು ಭಾರತದ ಕಾಲಕ್ಕಿಟ್ಟು ಆಗಸ್ಟ್ 1ನ್ನು ಆರಿಸಿದರೆ ಉಳಿಯುವುದು ಆಗಸ್ಟ್ 1 ಆಗಿರಬೇಕು. ಘಟಕದ ಅಂಕಿ ಏರಿದಾಗಲೆಲ್ಲ ಈ ಪರೀಕ್ಷೆ ತಾನಾಗಿ ನಡೆಯುತ್ತದೆ. ಬರೆದ ಕ್ಷಣವನ್ನೂ ಈಗ ಬೇರೆಯಾಗಿ ಉಳಿಸಿಕೊಳ್ಳುತ್ತೇವೆ. ಮನೆಯ ರೂಢಿಯನ್ನು, ಮಳೆಯನ್ನು ಅಳೆದ ದಿನಕ್ಕೆ ಬರೆಯುತ್ತಾರೋ ಹಿಂದಿನ ದಿನಕ್ಕೋ ಎಂಬುದನ್ನು, ಒಂದೊಂದು ಮನೆಯ ಹೆಸರಿನ ಮುಂದೆಯೇ ಕೇಳಿ ಬರೆದುಕೊಂಡೆವು. ಇದನ್ನು ಮೊದಲೇ ಕೇಳಬೇಕಾಗಿತ್ತು.

ನಮ್ಮ ಮನೆಯ ಪುಸ್ತಕವನ್ನು ಕೊನೆಗೆ ತಿದ್ದಿದೆ. ಅಜ್ಜ ಮತ್ತೆ ಕನ್ನಡಕ ಹಾಕಿಕೊಂಡರು. ಜೂನ್ ತಾಳೆಯಾಯಿತು, ಜುಲೈ ತಾಳೆಯಾಯಿತು, ಸೆಪ್ಟೆಂಬರೂ ಆಯಿತು. ಆಗಸ್ಟಿನಲ್ಲಿ ಮಾತ್ರ ನಲವತ್ತೈದು ಸೆಂಟು ಹೆಚ್ಚಿತ್ತು. ತಾರೀಖುಗಳೆಲ್ಲ ಸರಿಯಾಗಿದ್ದವು, ಮತ್ತೇನು? ಬಹಳ ಹೊತ್ತು ಹುಡುಕಿದ ಮೇಲೆ ಸಿಕ್ಕಿತು. ಒಂದು ದಿನ ಅಜ್ಜ 1-5 ಎಂದು ಬರೆದಿದ್ದರು, ಒಂದು ಇಂಚು ಐದು ಸೆಂಟು. ನಾನು ನಡುವಿನ ಗೀಟನ್ನು ದಶಮಾಂಶದ ಚುಕ್ಕಿಯೆಂದು ತಿಳಿದು 1.5 ಎಂದು ಒತ್ತಿದ್ದೆ; ಯಂತ್ರ ಅದನ್ನು ಒಂದೂವರೆ ಇಂಚೆಂದು ಓದಿತ್ತು.

“ಇಂಚಿಗೊಂದು ಮನೆ, ಸೆಂಟಿಗೊಂದು ಮನೆ ಮಾಡು” ಎಂದರು ಅಜ್ಜ. ಮಾರನೆಯ ದಿನ ಅಳತೆಯ ಚೌಕವನ್ನು ತೆಗೆದು ಎರಡು ಚೌಕಗಳನ್ನಿಟ್ಟೆ. ಅವಕ್ಕೆ ಸಿದ್ಧ ಘಟಕವನ್ನು ಹುಡುಕಲಿಲ್ಲ.